ಯೂಕಿ ನಾಗಸಾತೊ ಆಟ ನೋಡಿದ ವರ್ಷಗಳು

ಸಂಚಿಕೆಗೆ ಹಳೆಯ ನೆನಪು ಬರೆದುಕೊಡಿ ಎಂದು ಕಾಲೇಜಿನಿಂದ ಫೋನ್ ಬಂತು. ಮಾತಿನ ಮಧ್ಯೆ ಈಗಿನ ಹುಡುಗಿಯರ ಫುಟ್‌ಬಾಲ್ ತಂಡದ ಒಬ್ಬಳು ಫೋನ್ ಇಸಿದುಕೊಂಡು, "ಅಕ್ಕಾ, ಫಾರ್ವರ್ಡ್ ಆಡೋರು ಯಾರ ಆಟ ನೋಡಬೇಕು?" ಎಂದು ಕೇಳಿದಳು. ಮೆಸ್ಸಿ, ರೊನಾಲ್ಡೊ, ಛೆಟ್ರಿ ಎಲ್ಲರ ಹೆಸರೂ ಅವಳ ಬಾಯಲ್ಲಿ ಬಂದು ಹೋಯಿತು. ಒಂದು ಹೆಣ್ಣಿನ ಹೆಸರೂ ಬರಲಿಲ್ಲ. ನಾನು ಯೂಕಿ ನಾಗಸಾತೊ ಅಂದೆ. "ಯಾರು?" ಅಂದಳು. ಫೋನಿನಲ್ಲಿ ಹೇಳಿ ಮುಗಿಸುವ ವಿಷಯ ಅದಲ್ಲ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ನಾನು ಓದುವಾಗ ನಮ್ಮಲ್ಲೂ ಹುಡುಗಿಯರ ತಂಡ ಅಂತ ಒಂದಿತ್ತು. ಹನ್ನೊಂದು ಜನ ಪೂರ್ತಿ ಸೇರಿದ ದಿನ ನಮಗೆ ಹಬ್ಬ. ಹಾಸ್ಟೆಲ್ ಹಿಂದಿನ ಕೆಂಪು ಮಣ್ಣಿನ ಮೈದಾನದಲ್ಲಿ ಹುಡುಗರ ಪ್ರ್ಯಾಕ್ಟೀಸ್ ಮುಗಿದ ಮೇಲೆ, ಬೆಳಕು ಉಳಿದಿದ್ದರೆ ನಮ್ಮ ಸರದಿ. ನಾನು ಮುಂದೆ ಆಡುತ್ತಿದ್ದೆ. ಜೋರಾಗಿ ಓಡುತ್ತೇನೆ ಅನ್ನುವುದೊಂದೇ ಅದಕ್ಕೆ ಕಾರಣ. ಫಾರ್ವರ್ಡ್ ಆದವಳು ಏನು ಮಾಡಬೇಕು, ಎಲ್ಲಿ ನಿಲ್ಲಬೇಕು, ಚೆಂಡು ಬಾರದೇ ಇರುವಾಗ ಏನು ಕೆಲಸ ಎಂದು ಹೇಳಿಕೊಡುವವರು ಯಾರೂ ಇರಲಿಲ್ಲ. ಅದು ನನಗೆ ಅರ್ಥವಾದದ್ದು ಆಮೇಲೆ, ಜರ್ಮನಿಯಲ್ಲಿ, ಪ್ರೇಕ್ಷಕರ ಸಾಲಿನಲ್ಲಿ ನಿಂತು ನನ್ನದೇ ಓರಗೆಯ ಜಪಾನಿ ಹುಡುಗಿಯನ್ನು ನೋಡುತ್ತಾ.

2010ರ ಅಕ್ಟೋಬರಿನಲ್ಲಿ ಭೂವಿಜ್ಞಾನ ಓದಲು ಪಾಟ್ಸ್‌ಡಾಮ್ ವಿಶ್ವವಿದ್ಯಾಲಯಕ್ಕೆ ಹೋದೆ. ಬರ್ಲಿನ್ ಪಕ್ಕದ ಊರು. ಸುತ್ತ ಕೆರೆಗಳು, ಅರಮನೆಗಳು, ಹಳೆಯ ರಾಜರ ತೋಟಗಳು. ನಮ್ಮ ವಿಷಯದವರಿಗೆ ಆ ಊರು ಒಂಥರಾ ಪುಣ್ಯಕ್ಷೇತ್ರ. ಬಹಳ ದೂರದ ಭೂಕಂಪವೊಂದು ಉಪಕರಣದಲ್ಲಿ ಗೆರೆಯಾಗಿ ಮೂಡಿದ್ದನ್ನು ಮೊದಲ ಸಲ ಗುರುತಿಸಿದ್ದು ಅಲ್ಲಿಯೇ, 1889ರ ಏಪ್ರಿಲ್‌ನಲ್ಲಿ. ಆ ಭೂಕಂಪ ಆಗಿದ್ದು ಜಪಾನಿನಲ್ಲಿ. ಮೊದಲ ವಾರದಲ್ಲೇ ಯಾರೋ ಇದನ್ನು ಹೇಳಿದ್ದರು. ಪಾಟ್ಸ್‌ಡಾಮಿಗೂ ಜಪಾನಿಗೂ ಇನ್ನೊಂದು ನಂಟು ಇದೆ ಎಂದು ಗೊತ್ತಾಗಿದ್ದು ಆ ಚಳಿಗಾಲದಲ್ಲಿ, ಬಾಬೆಲ್ಸ್‌ಬರ್ಗ್‌ನ ಕಾರ್ಲ್ ಲೀಬ್‌ಕ್ನೆಖ್ಟ್ ಸ್ಟೇಡಿಯಂನಲ್ಲಿ.

ಊರಿನವರು ಅದನ್ನು ಪ್ರೀತಿಯಿಂದ ಕಾರ್ಲಿ ಅನ್ನುತ್ತಾರೆ. ದೊಡ್ಡ ಸ್ಟೇಡಿಯಂ ಏನಲ್ಲ. ಫ್ಲಡ್‌ಲೈಟ್ ಕಂಬಗಳು ಮಡಚಿ ಇಡುವಂಥವು. ಪಕ್ಕದಲ್ಲೇ ಅರಮನೆಯ ಉದ್ಯಾನ ಇರುವುದರಿಂದ ನೋಟಕ್ಕೆ ಅಡ್ಡ ಬರಬಾರದಂತೆ. ಅಲ್ಲಿ ಆಡುತ್ತಿದ್ದದ್ದು ಟರ್ಬೈನ್ ಪಾಟ್ಸ್‌ಡಾಮ್. ಪೂರ್ವ ಜರ್ಮನಿ ಬೇರೆ ದೇಶವಾಗಿದ್ದ ಕಾಲದಲ್ಲಿ, 1971ರಲ್ಲಿ, ವಿದ್ಯುತ್ ಸಂಸ್ಥೆಯ ಕ್ರೀಡಾ ಸಂಘದಲ್ಲಿ ಹುಟ್ಟಿದ ಹೆಂಗಸರ ತಂಡ. ಹೆಸರಿನಲ್ಲಿ ಟರ್ಬೈನ್ ಇರುವುದು ಅದಕ್ಕೇ. ಶುರುವಿನಿಂದಲೂ ಅದನ್ನು ಕಟ್ಟಿ ಬೆಳೆಸಿದವರು ಬೆರ್ಂಡ್ ಶ್ರೋಡರ್. ನಾನು ಹೋದಾಗಲೂ ಅವರೇ ಕೋಚ್. ತುಂಬಾ ಬಿಗಿ ಮನುಷ್ಯ, ತರಬೇತಿಯಲ್ಲಿ ಬೆವರು ಇಳಿಸುತ್ತಾರೆ ಎಂದು ಊರೆಲ್ಲ ಮಾತು. ಪೂರ್ವ ಜರ್ಮನಿಯ ಮಹಿಳಾ ರಾಷ್ಟ್ರೀಯ ತಂಡ ತನ್ನ ಇಡೀ ಆಯುಷ್ಯದಲ್ಲಿ ಆಡಿದ್ದು ಒಂದೇ ಒಂದು ಪಂದ್ಯ. 1990ರ ಮೇ ತಿಂಗಳಲ್ಲಿ, ಚೆಕೊಸ್ಲೊವಾಕಿಯಾ ವಿರುದ್ಧ, ಇದೇ ಕಾರ್ಲಿಯಲ್ಲಿ. 0-3ರಿಂದ ಸೋತರು. ಕೆಲವೇ ತಿಂಗಳಲ್ಲಿ ದೇಶವೇ ಇಲ್ಲವಾಯಿತು. ಪಕ್ಕದಲ್ಲಿ ನಿಲ್ಲುತ್ತಿದ್ದ ಒಬ್ಬ ಅಜ್ಜ ಆ ಪಂದ್ಯದ ಬಗ್ಗೆ ಹೇಳುವಾಗ ಧ್ವನಿ ಬದಲಾಗುತ್ತಿತ್ತು.

ಹೆಂಗಸರ ಫುಟ್‌ಬಾಲ್ ನೋಡಲು ವಯಸ್ಸಾದ ಗಂಡಸರು ಕೈಗವಸು ಹಾಕಿಕೊಂಡು, ಕೊರಳಿಗೆ ತಂಡದ ಶಾಲು ಸುತ್ತಿಕೊಂಡು ಬರುತ್ತಾರೆ ಎನ್ನುವುದೇ ನನಗೆ ಹೊಸದು. ಪ್ರತಿ ಆಟಗಾರ್ತಿಯ ಹೆಸರೂ ಅವರಿಗೆ ಗೊತ್ತು. ಯಾರ ಎಡಗಾಲು ಚುರುಕು, ಯಾರು ಎರಡನೇ ಅರ್ಧದಲ್ಲಿ ಸುಸ್ತಾಗುತ್ತಾರೆ, ಎಲ್ಲವೂ ಗೊತ್ತು. ಯೂಕಿಯನ್ನು ತೋರಿಸಿಕೊಟ್ಟವರೂ ಅವರೇ.

ನಾನು ಮೊದಲು ಗಮನಿಸಿದ್ದು ಅವಳ ತಲೆ. ಒಂದು ಕ್ಷಣ ಸುಮ್ನೆ ಇರುತ್ತಿರಲಿಲ್ಲ. ಚೆಂಡು ಇನ್ನೂ ನಮ್ಮ ಡಿಫೆನ್ಸ್‌ನಲ್ಲಿರುವಾಗಲೇ ಎಡ ಭುಜದ ಮೇಲಿಂದ ಒಂದು ಸಲ ಹಿಂದೆ ನೋಡುವಳು, ಬಲದಿಂದ ಇನ್ನೊಂದು ಸಲ. ಎದುರಾಳಿ ಡಿಫೆಂಡರ್ ಎಲ್ಲಿದ್ದಾಳೆ, ಕೀಪರ್ ಎಷ್ಟು ಮುಂದೆ ಬಂದಿದ್ದಾಳೆ, ಎಲ್ಲ ಲೆಕ್ಕ. ಬದಿಯಿಂದ ಕ್ರಾಸ್ ಬರುವ ಹೊತ್ತಿಗೆ ಗೋಲಿನ ಕಡೆ ಓಡುವ ಬದಲು ಎರಡು ಹೆಜ್ಜೆ ಗೋಲಿನಿಂದ ದೂರ ಹೋಗುವಳು. ಡಿಫೆಂಡರ್ ಅವಳ ಜೊತೆ ಎರಡು ಹೆಜ್ಜೆ ಬರುವಳು, ಇಲ್ಲವೇ ಚೆಂಡಿನ ಕಡೆ ತಿರುಗುವಳು. ಆ ತಿರುಗಿದ ಕ್ಷಣದಲ್ಲಿ ಯೂಕಿ ಅವಳ ಮುಂದಿನಿಂದ ನುಗ್ಗಿ ಹತ್ತಿರದ ಕಂಬದ ಬಳಿ ಇರುವಳು. ಚೆಂಡು ಬಂದರೆ ಗೋಲು. ಬಾರದಿದ್ದರೆ ಮತ್ತೆ ಹೊರಗೆ ನಡೆದು ಬಂದು ಮೊದಲಿನಿಂದ ಅದೇ ಕೆಲಸ. ಹತ್ತು ಸಲ ಹೀಗೆ ಓಡಿದರೆ ಎಂಟು ಸಲ ಚೆಂಡು ಬರುವುದೇ ಇಲ್ಲ. ಮುಖದಲ್ಲಿ ಬೇಸರ ಇಲ್ಲ, ಕೈ ಎತ್ತಿ ಜೊತೆಯವರನ್ನು ಬೈಯುವುದಿಲ್ಲ. ಚಳಿಗೆ ಬಾಯಿಂದ ಹೊಗೆ ಬಿಡುತ್ತಾ ವಾಪಸ್ ನಡೆಯುವಳು, ಮತ್ತೆ ಭುಜದ ಮೇಲಿಂದ ನೋಡುವಳು. ನಾನು ಮನೆಗೆ ಬಂದ ಮೇಲೂ ಕಣ್ಣ ಮುಂದೆ ಬರುತ್ತಿದ್ದದ್ದು ಆ ಚೆಂಡಿಲ್ಲದ ಓಟಗಳೇ.

ಅವಳು ಹುಟ್ಟಿದ್ದು 1987ರ ಜುಲೈ 15ರಂದು, ಕನಗಾವಾ ಪ್ರಾಂತ್ಯದ ಅತ್ಸುಗಿಯಲ್ಲಿ. ಅಣ್ಣ ಗೆಂಕಿ ಫುಟ್‌ಬಾಲ್ ಆಡುತ್ತಿದ್ದ. ಅವನ ಹಿಂದೆ ಇವಳು, ಇವಳ ಹಿಂದೆ ತಂಗಿ ಅಸಾನೊ. ಮೂವರೂ ಮುಂದೆ ಆಟವನ್ನೇ ವೃತ್ತಿ ಮಾಡಿಕೊಂಡರು. ತಂಗಿ ಕೂಡ ಕೆಲ ಕಾಲ ಪಾಟ್ಸ್‌ಡಾಮ್‌ನಲ್ಲೇ ಆಡಿದಳು. ಯೂಕಿ ಚಿಕ್ಕವಳಿದ್ದಾಗ ಆಡಿದ್ದೆಲ್ಲ ಹುಡುಗರ ಜೊತೆ. ಆಮೇಲೆ ಟೋಕಿಯೋದ ಬೆಲೆಜಾ ಸೇರಿದಳು. ಜಪಾನಿನ ಮಹಿಳಾ ಫುಟ್‌ಬಾಲ್‌ನಲ್ಲಿ ಅದು ದೊಡ್ಡ ಮನೆತನದ ಹೆಸರು. ಹೊಮಾರೆ ಸಾವಾ, ಶಿನೊಬು ಒಹ್ನೊ ಆಡಿ ಬೆಳೆದದ್ದು ಅಲ್ಲೇ. ಅಂಥವರ ನಡುವೆ ಜಾಗ ಗಿಟ್ಟಿಸಿಕೊಳ್ಳುವುದು ಸುಲಭವಾಗಿರಲಿಲ್ಲ. 2004ರಲ್ಲಿ ಜಪಾನ್ ಪರ ಮೊದಲ ಪಂದ್ಯ ಆಡಿದಾಗ ಅವಳಿಗೆ 16 ವರ್ಷ. 2006ರಲ್ಲಿ 18 ಗೋಲು ಹೊಡೆದು ದೇಶದ ಲೀಗಿನಲ್ಲೇ ಮೊದಲಿಗಳಾದಳು. 2007ರ ವಿಶ್ವಕಪ್‌ನಲ್ಲಿ ಅರ್ಜೆಂಟೀನಾ ವಿರುದ್ಧ ಜಪಾನ್ ಗೆದ್ದದ್ದು ಅವಳ ಗೋಲಿನಿಂದ. ಅದೂ 90 ನಿಮಿಷ ದಾಟಿದ ಮೇಲೆ. ಆದರೂ ಆ ತಂಡ ಗುಂಪಿನ ಹಂತದಲ್ಲೇ ಮನೆಗೆ ಹೋಯಿತು.

2010ರ ಶುರುವಿನಲ್ಲಿ ಅವಳು ಪಾಟ್ಸ್‌ಡಾಮ್‌ಗೆ ಬಂದಳು. 22 ವರ್ಷ. ಭಾಷೆ ಬೇರೆ, ಚಳಿ ಬೇರೆ, ಶ್ರೋಡರ್ ಅವರಂಥ ಕೋಚ್. ನಾನು ಅದೇ ವರ್ಷ ಅದೇ ಊರಿಗೆ ಹೋದವಳು, ಬೇಕರಿಯಲ್ಲಿ ಬ್ರೆಡ್ ಕೇಳುವುದಕ್ಕೇ ಒದ್ದಾಡುತ್ತಿದ್ದೆ. ಹಾಗಾಗಿ ಅವಳು ಮಾಡಿದ್ದು ಎಷ್ಟು ಕಷ್ಟದ ಕೆಲಸ ಎಂದು ನನಗೆ ಚೆನ್ನಾಗಿ ಗೊತ್ತು. ಬಂದ ಕೆಲವೇ ತಿಂಗಳಲ್ಲಿ ತಂಡ ಜರ್ಮನಿಯ ಲೀಗ್ ಗೆದ್ದಿತು, ಯುರೋಪಿನ ಚಾಂಪಿಯನ್ಸ್ ಲೀಗ್ ಫೈನಲ್ಲಿಗೂ ಹೋಯಿತು. ಎದುರಿಗೆ ಫ್ರಾನ್ಸಿನ ಲಿಯೋನ್. ಸ್ಪೇನಿನ ಹೆತಾಫೆಯಲ್ಲಿ ಪಂದ್ಯ. 120 ನಿಮಿಷ ಆಡಿದರೂ ಗೋಲಿಲ್ಲ. ಪೆನಾಲ್ಟಿಯಲ್ಲಿ 7-6. ಟರ್ಬೈನ್‌ನ ಗೋಲ್‌ಕೀಪರ್ ಅನ್ನಾ ಫೆಲಿಸಿಟಾಸ್ ಸಾರ್ಹೋಲ್ಜ್‌ಗೆ ಆಗ 17 ವರ್ಷ. ಎದುರಾಳಿಗಳ ಪೆನಾಲ್ಟಿ ತಡೆದದ್ದಲ್ಲದೆ ತಾನೂ ಒಂದು ಹೊಡೆದಳು! ಈ ಕಥೆಯನ್ನು ನಾನು ಕಾರ್ಲಿಯ ಅಜ್ಜಂದಿರ ಬಾಯಲ್ಲಿ ಎಷ್ಟು ಸಲ ಕೇಳಿದ್ದೇನೋ. ಪ್ರತಿ ಸಲವೂ ಹೊಸದಾಗಿ ಹೇಳುವರು.

ಇನ್ನು 2011. ಮಾರ್ಚ್ 11ರಂದು ಜಪಾನಿನ ಪೂರ್ವ ಕರಾವಳಿಯ ಆಚೆ 9.0 ತೀವ್ರತೆಯ ಭೂಕಂಪ ಆಯಿತು. ನಮ್ಮ ವಿಭಾಗದಲ್ಲಿ ಆ ದಿನ ಯಾರೂ ಪಾಠ ಮಾಡುವ ಸ್ಥಿತಿಯಲ್ಲಿರಲಿಲ್ಲ. ಪರದೆಯ ಮೇಲೆ ಗೆರೆಗಳು ಎದ್ದು ಬಿದ್ದು ಎದ್ದು ಬಿದ್ದು ನಿಲ್ಲದೆ ಹೋಗುತ್ತಿದ್ದವು. ಅದನ್ನು ಓದುವುದು ನಮ್ಮ ವಿದ್ಯೆ. ಆದರೆ ಒಂದೊಂದು ಗೆರೆಯ ಹಿಂದೆ ಊರುಗಳಿವೆ, ಮನೆಗಳಿವೆ ಎಂದು ಎದೆಗೆ ತಟ್ಟಿದ್ದು ಆವತ್ತೇ. ಸುನಾಮಿಯ ಚಿತ್ರಗಳು ಆಮೇಲೆ ಬಂದವು. ಯೂಕಿ ಇದೇ ಊರಿನಲ್ಲಿದ್ದಾಳೆ, ಮನೆಯವರೆಲ್ಲ ಅಲ್ಲಿದ್ದಾರೆ ಎಂದು ನನಗೆ ಮತ್ತೆ ಮತ್ತೆ ಅನ್ನಿಸುತ್ತಿತ್ತು. ಪರಿಚಯ ಇಲ್ಲದವಳ ಬಗ್ಗೆ ಅಷ್ಟು ಚಿಂತೆ ಮಾಡಿದ್ದು ನನಗೆ ಆಶ್ಚರ್ಯ ಅನ್ನಿಸಲೇ ಇಲ್ಲ.

ಆ ಬೇಸಿಗೆಯ ವಿಶ್ವಕಪ್ ಜರ್ಮನಿಯಲ್ಲೇ. ಜಪಾನಿನ ಮೊದಲ ಪಂದ್ಯ ಬೋಹುಮ್‌ನಲ್ಲಿ, ನ್ಯೂಜಿಲೆಂಡ್ ವಿರುದ್ಧ. ಆರನೇ ನಿಮಿಷಕ್ಕೆ ಯೂಕಿ ಕೀಪರ್ ತಲೆಯ ಮೇಲಿಂದ ಚೆಂಡು ಎತ್ತಿ ಹಾಕಿ ಗೋಲು ಹೊಡೆದಳು. ಹಾಸ್ಟೆಲಿನ ಟಿವಿ ಮುಂದೆ ನಾನು ಎದ್ದು ಕುಣಿದೆ. ಇದು ಅವಳ ವಿಶ್ವಕಪ್ ಅಂದುಕೊಂಡೆ. ಆದದ್ದು ಬೇರೆ. ಕ್ವಾರ್ಟರ್ ಫೈನಲ್ ಜರ್ಮನಿ ವಿರುದ್ಧ, ವೋಲ್ಫ್ಸ್‌ಬುರ್ಗ್‌ನಲ್ಲಿ. ಮೊದಲ ಅರ್ಧ ಮುಗಿದ ಮೇಲೆ ಕೋಚ್ ನೊರಿಯೊ ಸಾಸಾಕಿ ಯೂಕಿಯನ್ನು ತೆಗೆದು ಕರಿನಾ ಮರುಯಾಮಾಳನ್ನು ಇಳಿಸಿದರು. 108ನೇ ನಿಮಿಷದಲ್ಲಿ ಸಾವಾ ಕೊಟ್ಟ ಚೆಂಡನ್ನು ಕಿರಿದಾದ ಕೋನದಿಂದ ಗೋಲಿಗೆ ಕಳಿಸಿದವಳು ಅದೇ ಮರುಯಾಮಾ. ಅವಳು ಹಿಂದೆ ಫುಕುಶಿಮಾದ ಅಣು ವಿದ್ಯುತ್ ಸ್ಥಾವರದಲ್ಲಿ ಕೆಲಸ ಮಾಡಿ, ಆ ಕಂಪನಿಯ ತಂಡಕ್ಕೆ ಆಡಿದ್ದವಳು. ಅವಳ ಗೋಲಿನ ಬಗ್ಗೆ ಬೇರೆಯದೇ ಲೇಖನ ಬರೆಯಬೇಕು. ಸೆಮಿಫೈನಲ್‌ನಲ್ಲಿ ಸ್ವೀಡನ್ ವಿರುದ್ಧ ಯೂಕಿಯ ಜಾಗಕ್ಕೆ ನಾಹೊಮಿ ಕವಾಸುಮಿ ಬಂದಳು. ಎರಡು ಗೋಲು ಹೊಡೆದಳು. ಅಲ್ಲಿಗೆ ಯೂಕಿಯ ಜಾಗ ಬೆಂಚು.

ಇದನ್ನು ನಮ್ಮ ತಂಡದ ಹುಡುಗಿಯರು ಸ್ವಲ್ಪ ನಿಧಾನವಾಗಿ ಓದಬೇಕು. ದೇಶ ಗೆಲ್ಲುತ್ತಿದೆ. ತನ್ನ ಜಾಗಕ್ಕೆ ಬಂದವರೇ ಗೋಲು ಹೊಡೆಯುತ್ತಿದ್ದಾರೆ. ಸಂತೋಷ ಪಡಲೇಬೇಕು, ಪಟ್ಟಿರುತ್ತಾಳೆ ಕೂಡ. ಆದರೂ ಮುಂದೆ ಆಡುವವಳಿಗೆ ಅದು ನುಂಗಲು ಎಂಥಾ ತುತ್ತು, ಅಲ್ವಾ?

ಜುಲೈ 17, ಫ್ರಾಂಕ್‌ಫರ್ಟ್, ಫೈನಲ್. ಎದುರಿಗೆ ಅಮೆರಿಕ. 66ನೇ ನಿಮಿಷದಲ್ಲಿ ಯೂಕಿ ಮತ್ತು ಮರುಯಾಮಾ ಒಟ್ಟಿಗೆ ಒಳಗೆ ಬಂದರು. ಮೂರೇ ನಿಮಿಷದಲ್ಲಿ ಅಲೆಕ್ಸ್ ಮಾರ್ಗನ್ ಗೋಲು ಹೊಡೆದಳು. 81ರಲ್ಲಿ ಅಯಾ ಮಿಯಾಮಾ ಸಮ ಮಾಡಿದಳು. ಹೆಚ್ಚುವರಿ ಸಮಯದಲ್ಲಿ ಆಬಿ ವಾಂಬಾಕ್ ತಲೆಯಿಂದ ಇನ್ನೊಂದು. ಮುಗಿಯಿತು ಅನ್ನುವಾಗ, 117ನೇ ನಿಮಿಷದಲ್ಲಿ, ಕಾರ್ನರ್‌ನಿಂದ ಬಂದ ಚೆಂಡಿಗೆ ಸಾವಾ ಕಾಲು ತಾಗಿಸಿದಳು. 2-2. ಪೆನಾಲ್ಟಿ.

ಅಮೆರಿಕದ ಮೊದಲ ಇಬ್ಬರೂ ತಪ್ಪಿಸಿದರು. ಜಪಾನಿನ ಮಿಯಾಮಾ ಹೊಡೆದಿದ್ದಳು. ಎರಡನೆಯವಳು ಯೂಕಿ. ಗೋಲಿನಲ್ಲಿ ಹೋಪ್ ಸೋಲೊ. ಯೂಕಿ ಹೊಡೆದಳು, ಸೋಲೊ ಹಾರಿ ತಡೆದಳು. ಆವತ್ತು ಪೆನಾಲ್ಟಿ ತೆಗೆದುಕೊಂಡ ಜಪಾನಿ ಆಟಗಾರ್ತಿಯರಲ್ಲಿ ಗೋಲಾಗದೆ ಹೋದದ್ದು ಅವಳೊಬ್ಬಳದೇ. ಸಕಾಗುಚಿ ಹೊಡೆದಳು, ಕೊನೆಗೆ ಇಪ್ಪತ್ತು ವರ್ಷದ ಸಾಕಿ ಕುಮಾಗಾಯ್ ಹೊಡೆದಳು, 3-1, ಜಪಾನ್ ವಿಶ್ವ ಚಾಂಪಿಯನ್. ಏಷ್ಯಾದ ತಂಡವೊಂದು ಹಿರಿಯರ ವಿಶ್ವಕಪ್ ಗೆದ್ದದ್ದು ಅದೇ ಮೊದಲು. ಎಲ್ಲರೂ ಓಡಿ ಬಂದು ತಬ್ಬಿಕೊಂಡರು. ಟಿವಿಯಲ್ಲಿ ನಾನು ಹುಡುಕುತ್ತಿದ್ದದ್ದು ಯೂಕಿಯ ಮುಖವನ್ನು. ಅವಳೂ ಚಾಂಪಿಯನ್ನೇ. ಪದಕ ಎಲ್ಲರದ್ದೂ ಒಂದೇ ತೂಕ. ಆದರೆ ನಾನು ಫಾರ್ವರ್ಡ್ ಆಡಿದವಳು, ಆ ರಾತ್ರಿ ಅವಳಿಗೆ ಆ ಒಂದು ಕಿಕ್ಕು ಕಣ್ಣಿಗೆ ಕಟ್ಟಿರುತ್ತದೆ ಎಂದು ನನಗೆ ಅನುಮಾನವೇ ಇರಲಿಲ್ಲ.

ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇಲ್ಲಿಂದ ಶುರು. ವಿಶ್ವಕಪ್ಪಿನ ಕಥೆ ಹೇಳುವವರೆಲ್ಲ ಸಾವಾ, ಮಿಯಾಮಾ, ಕೀಪರ್ ಅಯುಮಿ ಕೈಹೊರಿ ಎಂದು ಹೇಳಿ ನಿಲ್ಲಿಸುತ್ತಾರೆ. ಅದು ಸರಿಯೇ. ಆದರೆ ಅಲ್ಲಿಂದ ಮುಂದಿನ ನಾಲ್ಕು ವರ್ಷ ಜಪಾನಿಗೆ ದೊಡ್ಡ ಪಂದ್ಯಗಳಲ್ಲಿ ಗೋಲು ಹೊಡೆದುಕೊಟ್ಟವಳು, ಆ ರಾತ್ರಿ ಚೆಂಡು ತಡೆಸಿಕೊಂಡವಳೇ.

ಹೊಸ ಸೀಸನ್ನಿಗೆ ಅವಳು ಕಾರ್ಲಿಗೆ ವಾಪಸ್ ಬಂದಳು. ಮದುವೆಯಾಗಿತ್ತು. ಸ್ವಲ್ಪ ದಿನಕ್ಕೆ ಜೆರ್ಸಿಯಲ್ಲಿ ಒಗಿಮಿ ಎಂಬ ಹೆಸರು ಬಂತು. ಹಳೆಯ ಸ್ಕೋರ್ ಪಟ್ಟಿ ನೋಡುವವರಿಗೆ ಯೂಕಿ ಒಗಿಮಿ ಎಂದು ಸಿಕ್ಕರೆ ಇವಳೇ ಎಂದು ತಿಳಿಯಿರಿ. ಮುಂದೆ ಮತ್ತೆ ನಾಗಸಾತೊ ಆದಳು. ಆಟದಲ್ಲಿ ಏನಾದರೂ ಬದಲಾಗಿದೆಯಾ ಎಂದು ನಾನು ಕಣ್ಣಿಟ್ಟು ನೋಡಿದೆ. ಓಟ ಅದೇ. ಭುಜದ ಮೇಲಿನ ನೋಟ ಅದೇ. ಮೈ ಗಟ್ಟಿಯಾಗಿತ್ತು. ಜರ್ಮನಿಯ ದೊಡ್ಡ ಮೈಯ ಡಿಫೆಂಡರ್‌ಗಳು ಬೆನ್ನಿಗೆ ಒತ್ತಿ ನಿಂತರೂ ಅಲುಗದೆ ಚೆಂಡು ಹಿಡಿದು, ಸೊಂಟ ತಿರುಗಿಸಿ ಹೊರಳುತ್ತಿದ್ದಳು. ಅಜ್ಜ ಒಂದು ದಿನ, "ಬಂದಾಗ ಇವಳನ್ನು ಗಾಳಿ ಹೊತ್ತುಕೊಂಡು ಹೋಗುತ್ತೆ ಅಂದುಕೊಂಡಿದ್ದೆ, ಈಗ ನೋಡು" ಅಂದರು. ಪಾಟ್ಸ್‌ಡಾಮ್ 2010, 2011, 2012 ಮೂರೂ ವರ್ಷ ಲೀಗ್ ಗೆದ್ದಿತು. 2012-13ರ ಸೀಸನ್ನಿನಲ್ಲಿ 18 ಗೋಲು ಹೊಡೆದು ಇಡೀ ಬುಂಡೆಸ್‌ಲೀಗಾದಲ್ಲಿ ಮೊದಲ ಸ್ಥಾನ ಯೂಕಿಯದು. ಯುರೋಪಿನ ಅತಿ ಗಟ್ಟಿ ಲೀಗಿನಲ್ಲಿ ಅತ್ಸುಗಿಯ ಹುಡುಗಿ!

ನಡುವೆ ಲಂಡನ್ ಒಲಿಂಪಿಕ್ಸ್. 2012. ವಿಶ್ವ ಚಾಂಪಿಯನ್‌ಗಳಾದ ಹೆಂಗಸರು ವಿಮಾನದಲ್ಲಿ ಎಕಾನಮಿ ಸೀಟಿನಲ್ಲಿ ಬಂದರು. ಅದೇ ಜಪಾನಿನ ಗಂಡಸರ ತಂಡಕ್ಕೆ ಬಿಸಿನೆಸ್ ಕ್ಲಾಸ್. ವಿಶ್ವಕಪ್ ಗೆದ್ದ ಮೇಲೆ ಇದು ಉಲ್ಟಾ ಇರಬೇಕಿತ್ತು ಎಂಬ ಅರ್ಥದ ಮಾತನ್ನು ಸಾವಾ ಬಹಿರಂಗವಾಗಿಯೇ ಹೇಳಿದಳು. ಇದನ್ನು ಓದಿದ ದಿನ ನನಗೆ ಹೊಟ್ಟೆ ಉರಿದುಹೋಯಿತು. ಬೆಳಕು ಉಳಿದರೆ ಮಾತ್ರ ಸಿಗುವ ಮೈದಾನ ನೆನಪಾಯಿತು. ವಾಪಸ್ ಹೋಗುವಾಗ ಅವರಿಗೂ ಬಿಸಿನೆಸ್ ಕ್ಲಾಸ್ ಸಿಕ್ಕಿತು, ಬೆಳ್ಳಿ ಪದಕ ಕೊರಳಿಗೆ ಬಿದ್ದ ಮೇಲೆ.

ಆ ಪದಕದ ದಾರಿಯಲ್ಲಿ ಯೂಕಿ ನಾಕ್‌ಔಟ್‌ನ ಮೂರೂ ಪಂದ್ಯಗಳಲ್ಲಿ ಗೋಲು ಹೊಡೆದಳು. ಕಾರ್ಡಿಫ್‌ನಲ್ಲಿ ಬ್ರೆಜಿಲ್ ವಿರುದ್ಧ, ಎದುರಾಳಿಗಳು ಇನ್ನೂ ಸಾಲು ಸರಿಮಾಡಿಕೊಳ್ಳುತ್ತಿದ್ದಾಗ ಸಾವಾ ತಟ್ಟನೆ ಫ್ರೀಕಿಕ್ ಹೊಡೆದಳು. ಅದನ್ನು ನಿರೀಕ್ಷಿಸಿ ಓಡಿದ್ದವಳು ಯೂಕಿ. ವೆಂಬ್ಲಿಯಲ್ಲಿ ಫ್ರಾನ್ಸ್ ವಿರುದ್ಧ ಸೆಮಿಫೈನಲ್. ಮಿಯಾಮಾಳ ಫ್ರೀಕಿಕ್ ಫ್ರಾನ್ಸಿನ ಕೀಪರ್ ಕೈಯಿಂದ ಜಾರಿತು. ಜಾರಿದ ಚೆಂಡಿನ ಮುಂದೆ ಯಾರಿದ್ದರು ಎಂದು ಹೇಳಬೇಕಿಲ್ಲ. ಜನ ಇಂಥ ಗೋಲಿಗೆ ಅದೃಷ್ಟ ಅನ್ನುತ್ತಾರೆ. ಕಾರ್ಲಿಯಲ್ಲಿ ಆ ಖಾಲಿ ಓಟಗಳನ್ನು ನೋಡಿದವರು ಹಾಗೆ ಅನ್ನುವುದಿಲ್ಲ. ಕೀಪರ್ ಕೈ ಜಾರುವುದು ಹತ್ತರಲ್ಲಿ ಒಂದು ಸಲ. ಹತ್ತೂ ಸಲ ಅಲ್ಲಿಗೆ ಓಡಿದವಳಿಗೆ ಮಾತ್ರ ಆ ಒಂದು ಸಿಗುತ್ತದೆ.

ಆಗಸ್ಟ್ 9ರ ಫೈನಲ್. ಮತ್ತೆ ವೆಂಬ್ಲಿ, 80,203 ಜನ. ಮತ್ತೆ ಅಮೆರಿಕ, ಮತ್ತೆ ಗೋಲಿನಲ್ಲಿ ಹೋಪ್ ಸೋಲೊ. ಅಮೆರಿಕದ ಆಟಗಾರ್ತಿ ಕಾರ್ಲಿ ಲಾಯ್ಡ್ 8ನೇ ನಿಮಿಷಕ್ಕೇ ಒಂದು ಗೋಲು ಹೊಡೆದಳು. ಯೂಕಿ ತಲೆಯಿಂದ ಹೊಡೆದ ಚೆಂಡನ್ನು ಸೋಲೊ ಬೆರಳ ತುದಿಯಿಂದ ಮೇಲಿನ ಪಟ್ಟಿಗೆ ತಳ್ಳಿದಳು. ಮಿಯಾಮಾಳ ಫ್ರೀಕಿಕ್ ಟೋಬಿನ್ ಹೀತ್ ಕೈಗೆ ತಾಗಿತು, ರೆಫರಿ ಪೆನಾಲ್ಟಿ ಕೊಡಲಿಲ್ಲ. ನನಗೆ ಇವತ್ತಿಗೂ ಅದು ಪೆನಾಲ್ಟಿಯೇ. 54ರಲ್ಲಿ ಲಾಯ್ಡ್ ಎರಡನೆಯದು. ಬೇರೆ ತಂಡವಾಗಿದ್ದರೆ ಅಲ್ಲಿಗೆ ಕೈಚೆಲ್ಲುತ್ತಿತ್ತು.

63ನೇ ನಿಮಿಷದ ಗೋಲನ್ನು ನೀವು ಹುಡುಕಿ ನೋಡಿ. ಆ ಪಂದ್ಯ ಅಂತರ್ಜಾಲದಲ್ಲಿ ಸಿಗುತ್ತದೆ. ನೋಡುವಾಗ ಚೆಂಡಿನ ಮೇಲೆ ಕಣ್ಣಿಡಬೇಡಿ, ಯೂಕಿಯ ಮೇಲೆ ಇಡಿ. ಸಾವಾ ಗೋಲಿನ ಎದುರಿನಿಂದಲೇ ಹೊಡೆಯುತ್ತಾಳೆ. ಅಮೆರಿಕದ ಡಿಫೆಂಡರ್‌ಗಳಿಗೆ ತಾಗಿ ಚೆಂಡು ಹೊರಳುತ್ತದೆ. ನಾಲ್ಕೈದು ಜನ ಅಲ್ಲೇ ಇದ್ದಾರೆ, ಎಲ್ಲರೂ ಅರೆಕ್ಷಣ ನಿಂತು ನೋಡುತ್ತಾರೆ. ನಿಲ್ಲದವಳು ಒಬ್ಬಳೇ. ಚೆಂಡು ನೆಟ್ಟಿಗೆ. ಸೋಲೊಗೆ ಏನೂ ಮಾಡಲು ಸಮಯವೇ ಇಲ್ಲ. 2-1. ಆಮೇಲೆ 19 ವರ್ಷದ ಮಾನಾ ಇವಾಬುಚಿಗೆ ಒಂದು ಒಳ್ಳೆಯ ಅವಕಾಶ ಸಿಕ್ಕಿತು, ಸೋಲೊ ಅದನ್ನೂ ತಡೆದಳು. ಪಂದ್ಯ ಹಾಗೇ ಮುಗಿಯಿತು.

2013ರಲ್ಲಿ ಅವಳು ಪಾಟ್ಸ್‌ಡಾಮ್ ಬಿಟ್ಟು ಲಂಡನ್ನಿನ ಚೆಲ್ಸಿಗೆ ಹೋದಳು. ಕೋಚ್ ಎಮ್ಮಾ ಹೇಯ್ಸ್. ಇವತ್ತು ದೊಡ್ಡ ಹೆಸರಾಗಿರುವ ಆ ತಂಡ ಆಗಿನ್ನೂ ಒಂದೂ ಲೀಗ್ ಗೆದ್ದಿರಲಿಲ್ಲ. 2014ರಲ್ಲಿ ಕೊನೆಯ ದಿನದವರೆಗೂ ಮೇಲಿದ್ದು, ಆ ದಿನ ಮ್ಯಾಂಚೆಸ್ಟರ್ ಸಿಟಿಗೆ ಸೋತು, ಅಂಕ ಸಮವಿದ್ದರೂ ಗೋಲಿನ ಅಂತರದಲ್ಲಿ ಲಿವರ್‌ಪೂಲ್‌ಗೆ ಪ್ರಶಸ್ತಿ ಬಿಟ್ಟುಕೊಟ್ಟಿತು. ಆಮೇಲೆ ವೋಲ್ಫ್ಸ್‌ಬುರ್ಗ್, ಆಮೇಲೆ ಫ್ರಾಂಕ್‌ಫರ್ಟ್. ಈ ವರ್ಷಗಳ ಆಟ ನಾನು ಹತ್ತಿರದಿಂದ ನೋಡಿಲ್ಲ, ಜಾಸ್ತಿ ಬರೆಯುವುದಿಲ್ಲ. ಅವಳಿಲ್ಲದ ಕಾರ್ಲಿ ಮಾತ್ರ ನನಗೆ ಸ್ವಲ್ಪ ದಿನ ಬಿಕೋ ಅನ್ನಿಸಿತು.

2015, ಕೆನಡಾದ ವಿಶ್ವಕಪ್. ಎಕ್ವಡಾರ್ ವಿರುದ್ಧ ಗೆದ್ದದ್ದು ಅವಳ ಒಂದೇ ಗೋಲಿನಿಂದ. ಸೆಮಿಫೈನಲ್‌ನಲ್ಲಿ ಇಂಗ್ಲೆಂಡ್ ಜೊತೆ 1-1 ಆಗಿ, ಹೆಚ್ಚುವರಿ ಸಮಯಕ್ಕೆ ಹೋಗುತ್ತದೆ ಅನ್ನುವಾಗ ಕವಾಸುಮಿ ಬಲಬದಿಯಿಂದ ಕ್ರಾಸ್ ಹಾಕಿದಳು. ಆ ಚೆಂಡು ಹೊರಟಿದ್ದು ಯೂಕಿಯ ಕಡೆಗೆ. ಅವಳು ಮುಟ್ಟುವ ಮೊದಲೇ ಹೊರಗೆ ತಳ್ಳಬೇಕೆಂದು ಇಂಗ್ಲೆಂಡಿನ ಲಾರಾ ಬ್ಯಾಸೆಟ್ ಕಾಲು ಚಾಚಿದಳು. ಚೆಂಡು ಸ್ವಂತ ಗೋಲಿನ ಪಟ್ಟಿಗೆ ಬಡಿದು ಒಳಗೆ ಹೋಯಿತು. ಬ್ಯಾಸೆಟ್ ಅಳುತ್ತಾ ಮೈದಾನ ಬಿಟ್ಟದ್ದನ್ನು ನೋಡಿ ಯಾರಿಗಾದರೂ ಕರುಳು ಚುರುಕ್ ಅನ್ನಬೇಕು. ದಾಖಲೆಯಲ್ಲಿ ಆ ಗೋಲಿನ ಎದುರು ಯೂಕಿಯ ಹೆಸರಿಲ್ಲ. ಆದರೆ ಹಿಂದೆ ಅವಳ ಹೆಜ್ಜೆ ಸಪ್ಪಳ ಕೇಳದೇ ಇದ್ದಿದ್ದರೆ ಬ್ಯಾಸೆಟ್ ಕಾಲು ಚಾಚುತ್ತಲೇ ಇರಲಿಲ್ಲ.

ಫೈನಲ್ ವ್ಯಾಂಕೂವರ್‌ನಲ್ಲಿ. ಮೂರನೇ ಸಲವೂ ಅಮೆರಿಕ, ಮೂರನೇ ಸಲವೂ ಸೋಲೊ. 16 ನಿಮಿಷಕ್ಕೆ 4-0! ಲಾಯ್ಡ್ ಒಬ್ಬಳೇ ಮೂರು ಹೊಡೆದಿದ್ದಳು, ಅದರಲ್ಲೊಂದು ಅರ್ಧ ಮೈದಾನದಿಂದ. ನನಗೆ ಟಿವಿ ಆರಿಸಿಬಿಡಬೇಕು ಅನ್ನಿಸಿತು. 27ನೇ ನಿಮಿಷದಲ್ಲಿ ಪೆನಾಲ್ಟಿ ಪೆಟ್ಟಿಗೆಯೊಳಗೆ ಯೂಕಿಗೆ ಚೆಂಡು ಸಿಕ್ಕಿತು, ಬೆನ್ನು ಗೋಲಿನ ಕಡೆಗೆ. ಬೆನ್ನಿಗೆ ಅಂಟಿ ನಿಂತವಳು ಜೂಲಿ ಜಾನ್‌ಸ್ಟನ್. ಆ ವಿಶ್ವಕಪ್ಪಿನಲ್ಲಿ ಅವಳನ್ನು ದಾಟಿದವರು ಕಡಿಮೆ. ಯೂಕಿ ಸೊಂಟ ತಿರುಗಿಸಿ ಹೊರಳಿದಳು. ಕಾರ್ಲಿಯಲ್ಲಿ ನಾನು ನೋಡಿ ನೋಡಿ ಬಾಯಿಪಾಠವಾಗಿದ್ದ ಹೊರಳು. ಎಡಗಾಲಿನಿಂದ ಬಳುಕಿಸಿ ಹೊಡೆದಳು. ಸೋಲೊ ಪೂರ್ತಿ ಚಾಚಿ ಹಾರಿದರೂ ಕೈಗೆ ಸಿಗಲಿಲ್ಲ. ಪಂದ್ಯ 5-2ಕ್ಕೆ ಮುಗಿಯಿತು, ಸೋತರು. ಆದರೆ ಆ ಗೋಲು ಅವಳ ಜೀವನದ ಅತ್ಯಂತ ಚಂದದ ಗೋಲು ಎಂದು ನನ್ನ ಅಭಿಪ್ರಾಯ. ನಾಲ್ಕು ಗೋಲು ಹಿಂದಿರುವಾಗ ಅಷ್ಟು ತಣ್ಣಗೆ ಹೊರಳಿ ಹೊಡೆಯಲು ಎಂಥಾ ಎದೆಗಾರಿಕೆ ಬೇಕು.

2016ರಲ್ಲಿ ಒಸಾಕಾದಲ್ಲಿ ನಡೆದ ಅರ್ಹತಾ ಸುತ್ತಿನಲ್ಲಿ ಜಪಾನ್ ಮೂರನೆಯದಾಗಿ, ರಿಯೋ ಒಲಿಂಪಿಕ್ಸ್ ತಪ್ಪಿತು. ಸಾಸಾಕಿ ಹೊರಟರು. ಸಾವಾ ಹಿಂದಿನ ವರ್ಷವೇ ನಿವೃತ್ತಿಯಾಗಿದ್ದಳು. ಅದೇ ವರ್ಷ ಯೂಕಿಯ ದೇಶದ ಪರದ ಆಟವೂ ನಿಂತಿತು. 132 ಪಂದ್ಯ, 58 ಗೋಲು. ಜಪಾನಿನ ಹೆಂಗಸರಲ್ಲಿ ಇದಕ್ಕಿಂತ ಜಾಸ್ತಿ ಹೊಡೆದವಳು ಸಾವಾ ಮಾತ್ರ.

ಇಲ್ಲಿಗೆ ಸಾಕು ಅನ್ನಬಹುದಿತ್ತು. ಅವಳು 2017ರಲ್ಲಿ ಅಮೆರಿಕಕ್ಕೆ ಹೋಗಿ ಚಿಕಾಗೊ ರೆಡ್ ಸ್ಟಾರ್ಸ್ ಸೇರಿದಳು. ಅಲ್ಲಿ ಆಸ್ಟ್ರೇಲಿಯಾದ ಸ್ಯಾಮ್ ಕೆರ್ ಜೊತೆಯಾದಳು. ಈಗ ಯೂಕಿ ಸ್ವಲ್ಪ ಹಿಂದೆ ಇಳಿದು ಆಡತೊಡಗಿದಳು. ಹಿಂದೆ ತಾನು ಓಡುತ್ತಿದ್ದ ಜಾಗಗಳಿಗೆ ಈಗ ಕೆರ್ ಓಡುವಳು, ಚೆಂಡು ಹಾಕುವವಳು ಯೂಕಿ. ಖಾಲಿ ಓಟದ ಕಷ್ಟ ಗೊತ್ತಿದ್ದವಳು ಕೊಡುವ ಪಾಸು ಹೇಗಿರುತ್ತದೆ ನೋಡಬೇಕಾದರೆ 2019ರ ಸೀಸನ್ ನೋಡಿ. ಕೆರ್ 18 ಗೋಲು ಹೊಡೆದ ವರ್ಷ ಅದು. ಚಿಕಾಗೊ ಫೈನಲ್ ತಲುಪಿ, ನಾರ್ತ್ ಕ್ಯಾರೊಲಿನಾ ಎದುರು ಸೋತಿತು.

2020ರ ಸೆಪ್ಟೆಂಬರ್‌ನಲ್ಲಿ ಬಂದ ಸುದ್ದಿಗೆ ನಾನು ಕುರ್ಚಿಯಿಂದ ಎದ್ದುಬಿಟ್ಟೆ. 33 ವರ್ಷದ ಯೂಕಿ ತನ್ನ ಊರು ಅತ್ಸುಗಿಯ ಹಯಾಬುಸಾ ಇಲೆವೆನ್ ಸೇರಿದ್ದಳು. ಗಂಡಸರ ತಂಡ! ಕನಗಾವಾ ಪ್ರಾಂತ್ಯದ ಎರಡನೇ ಹಂತದ ಲೀಗ್. ಅಣ್ಣ ಗೆಂಕಿಯೂ ಅದೇ ತಂಡದಲ್ಲಿ. ಚಿಕ್ಕಂದಿನಿಂದಲೂ ಗಂಡಸರ ಜೊತೆ ಆಡಬೇಕೆಂಬ ಆಸೆ ಇತ್ತು, ಅನ್ನಿಸಿದ್ದನ್ನು ಧೈರ್ಯವಾಗಿ ಹೇಳುವ ಅಮೆರಿಕದ ಆಟಗಾರ್ತಿ ಮೇಗನ್ ರಾಪಿನೊಳಿಂದ ಸ್ಫೂರ್ತಿ ಬಂತು ಎಂದು ಅವಳು ಹೇಳಿಕೊಂಡಳು. ಪ್ರಚಾರಕ್ಕೆ ಮಾಡಿದ್ದು ಎಂದು ಕೆಲವರು ಅಂದಿರಬಹುದು. ವಿಶ್ವಕಪ್ ಗೆದ್ದವಳು, ಯುರೋಪಿನ ಕಪ್ ಗೆದ್ದವಳು, ಜರ್ಮನಿಯಲ್ಲಿ ಎಲ್ಲರಿಗಿಂತ ಜಾಸ್ತಿ ಗೋಲು ಹೊಡೆದವಳು ಪ್ರಚಾರಕ್ಕಾಗಿ ಊರಿನ ಸಣ್ಣ ಲೀಗಿಗೆ ಬರುತ್ತಾಳಾ? ತನಗಿಂತ ವೇಗದ, ತನಗಿಂತ ಬಲದ ಡಿಫೆಂಡರ್‌ಗಳ ಎದುರು ತನ್ನ ಆಟ ನಡೆಯುತ್ತದಾ ಎಂದು ತಿಳಿಯುವ ಹಸಿವು ಅದು. ಹಾಗೆಂದೇ ನಾನು ನಂಬಿದ್ದೇನೆ.

ಅಲ್ಲಿಂದ ಮತ್ತೆ ಅಮೆರಿಕ. ಹೊಸದಾಗಿ ಶುರುವಾದ ರೇಸಿಂಗ್ ಲೂಯಿವಿಲ್ ತಂಡದಲ್ಲಿ ಸ್ವಲ್ಪ ಕಾಲ, ಮತ್ತೆ ಚಿಕಾಗೊ, ಆಮೇಲೆ 2024ರಲ್ಲಿ ಹ್ಯೂಸ್ಟನ್ ಡ್ಯಾಶ್. ಆಗ ಅವಳಿಗೆ 36 ದಾಟಿತ್ತು. 16ಕ್ಕೆ ದೇಶದ ಜೆರ್ಸಿ ಹಾಕಿದವಳು ಇಪ್ಪತ್ತು ವರ್ಷದ ಮೇಲೂ ತನ್ನ ಅರ್ಧ ವಯಸ್ಸಿನ ಹುಡುಗಿಯರ ಜೊತೆ ಬೆಳಿಗ್ಗೆ ಎದ್ದು ತರಬೇತಿಗೆ ಹೋಗುತ್ತಿದ್ದಳು.